ಒಂಬತ್ತನೇ ನಂಬರಿನ ಮಹಾಶಯ

ಗುರುಸಿದ್ದಪ್ಪನಿಗೆ ತನ್ನದು ಎನ್ನುವ ಕಂಪ್ಯೂಟರು ಇರಲಿಲ್ಲ.

ಆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಎರಡು ವರ್ಷದ ಹಿಂದೆ ದೆಹಲಿಯ ಮುಖ್ಯ ಕಚೇರಿಯವರು ಎಲ್ಲರ ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ಬಳಿದು ಒಂದೇ ಸರ್ವರಿಗೆ ಸುರಿದುಕೊಂಡಿದ್ದರು. ಇನ್ನು ಮೇಲೆ ಯಾರು ಯಾವ ಕಂಪ್ಯೂಟರಿನ ಮುಂದೆ ಕೂತರೂ ನಡೆಯುತ್ತದೆ, ಹೆಸರು ಮತ್ತು ಪಾಸ್‌ವರ್ಡ್ ಹೊಡೆದರೆ ಅವರವರ ಫೈಲುಗಳು ಅಲ್ಲಿಗೇ ಬರುತ್ತವೆ ಎಂದು ಸುತ್ತೋಲೆ ಬಂತು. ಸರ್ವರಿಗಾಗಿ ನಾಗಪುರದ ಕಚೇರಿಯಲ್ಲಿ ಗಾಜಿನ ಕೋಣೆ ಕಟ್ಟಿ ಎರಡು ಟನ್ನಿನ ಎಸಿ ಕೂರಿಸಿದರು. ನೌಕರರಿಗೆ ಹಳೆಯ ಫ್ಯಾನುಗಳೇ ಉಳಿದವು. ಮೇ ತಿಂಗಳಲ್ಲಿ ಹೊರಗೆ ನಲವತ್ತಾರು ಡಿಗ್ರಿ ಏರಿದಾಗ ಆ ಕೋಣೆಯ ಬಾಗಿಲ ಸಂದಿಗೆ ಬೆನ್ನು ಕೊಟ್ಟು ನಿಲ್ಲಲು ಜನ ಪಾಳಿ ಹಚ್ಚುತ್ತಿದ್ದರು.

ಹದಿನಾಲ್ಕು ಕಂಪ್ಯೂಟರು, ಹದಿನಾಲ್ಕು ನಂಬರಿನ ಸ್ಟಿಕರು. ಹೋದ ಖಂಡೆನವಮಿಗೆ ಪ್ಯೂನ್ ಶಂಕರಪ್ಪ ಹದಿನಾಲ್ಕನ್ನೂ ಎತ್ತಿನ ಮೈ ತೊಳೆದಂತೆ ತೊಳೆದು, ವಿಭೂತಿ ಬಳಿದು, ಕುಂಕುಮ ಹಚ್ಚಿ ಪೂಜೆ ಮಾಡಿದ್ದ. ಎಂಟು ತಿಂಗಳಾದರೂ ಕೀಬೋರ್ಡು ಅಲುಗಿಸಿದರೆ ಅಕ್ಷತೆ ಉದುರುತ್ತಿತ್ತು.

ಸರ್ವರಿನಲ್ಲಿ ‘ಏಕಸೂತ್ರ’ ಎಂಬ ಒಂದು ಸಾಫ್ಟ್‌ವೇರು ಇತ್ತು. ರಜೆ, ಪಗಾರ, ಪ್ರವಾಸ ಭತ್ಯೆ, ವರ್ಗಾವಣೆ ಎಲ್ಲ ಅದರೊಳಗೇ. ಮನೆಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಮೊಬೈಲಿನಲ್ಲಿ ತೆರೆಯುವುದಿಲ್ಲ. ಕಚೇರಿಯಲ್ಲೂ ಒಂದು ಹೊತ್ತಿಗೆ ಐದು ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತಿತ್ತು, ದೆಹಲಿಯವರು ಐದಕ್ಕಷ್ಟೇ ಪರವಾನಗಿ ಕೊಂಡಿದ್ದರು. ಒಳಗೆ ಹೋದವರನ್ನು ಅದು ತಾನಾಗಿ ಹೊರಗೆ ಹಾಕುತ್ತಿರಲಿಲ್ಲ. ಹಾಗಾಗಿ ಜನ ಕೆಲಸವಿರಲಿ ಬಿಡಲಿ, ಬಂದ ಕೂಡಲೇ ಏಕಸೂತ್ರ ತೆರೆದಿಟ್ಟುಬಿಡುತ್ತಿದ್ದರು. ಗದಗಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ವಸ್ತ್ರ ಎಸೆದು ಸೀಟು ಹಿಡಿಯುವ ಮಂದಿಯೂ ಇವರ ಮುಂದೆ ಸಭ್ಯರು.

ಆ ಗುರುವಾರ ವರ್ಗಾವಣೆ ಅರ್ಜಿಗೆ ಕೊನೆಯ ದಿನ. ಸಂಜೆ ಐದಕ್ಕೆ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಮೂರು ವರ್ಷಕ್ಕೆ.

ಗುರುಸಿದ್ದಪ್ಪ ನಾಗಪುರಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಹುಬ್ಬಳ್ಳಿಗೆ ಹೋಗಬೇಕೆಂದರೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ಬರುತ್ತೇನೆನ್ನುವ ಒಬ್ಬ ಮನುಷ್ಯ ಬೇಕು. ಅಂಥ ಮನುಷ್ಯನನ್ನು ಅವನು ಹನ್ನೊಂದು ವರ್ಷ ಹುಡುಕಿದ್ದ. ಕೊನೆಗೆ ಕಳೆದ ತಿಂಗಳು ಅಭಿನವ್ ಎಂಬುವನು ಸಿಕ್ಕ. ಅವನ ಹೆಂಡತಿಗೆ ನಾಗಪುರದ ಹತ್ತಿರದ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ನೌಕರಿಯಾಗಿತ್ತು, ಪಾಪ, ಬರಲೇಬೇಕಿತ್ತು. ಅದೇ ಹೊತ್ತಿಗೆ ಗುರುಸಿದ್ದಪ್ಪನ ಹೆಂಡತಿ ಸತ್ಯಭಾಮಾಳಿಗೆ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ, ಜೂನ್ ಒಂದಕ್ಕೆ ಹಾಜರಾಗಬೇಕೆಂದು ಪತ್ರ ಬಂದಿತ್ತು. ನಾಗಪುರದ ಮನೀಶ್ ನಗರದ ಬಾಡಿಗೆ ಮನೆಯಲ್ಲಿ ಅವಳು ಅರ್ಧ ಸಾಮಾನು ಕಟ್ಟಿಯಾಗಿತ್ತು.

“ಇವತ್ತು ಅರ್ಜಿ ಹಾಕಿ ಬರ್ರಿ. ನಾ ಕೂಲರ್ ಮಾರಿ ಬಿಡ್ತೀನಿ. ಕೆಳಗಿನ ಮನಿಯವರು ಕೇಳ್ಯಾರ,” ಎಂದು ಬೆಳಿಗ್ಗೆ ಬುತ್ತಿಯ ಡಬ್ಬಿ ಕೈಗಿಡುತ್ತ ಹೇಳಿದ್ದಳು.

ಮೊದಲು ಅರ್ಜಿ ಹೋಗಲಿ, ಆಮೇಲೆ ಮಾರಿದರಾಯಿತು ಎಂದು ಅವನು ಗೊಣಗಿದ. ಒಂದು ಗುಂಡಿ ಒತ್ತುವ ಕೆಲಸಕ್ಕೆ ಇಷ್ಟು ಹೆದರುವವರನ್ನು ತಾನು ಕಂಡಿಲ್ಲ ಎಂದಳು ಸತ್ಯಭಾಮಾ.

ಅವನು ಒಂಬತ್ತಕ್ಕೆಲ್ಲ ಕಚೇರಿ ಸೇರಿದ. ಶಂಕರಪ್ಪ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಿಟಕಿಯ ಪಕ್ಕದ, ತುಸು ಗಾಳಿ ಬರುವ ಜಾಗದಲ್ಲಿ ಕೂತು ಏಕಸೂತ್ರ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಐದು ನಿಮಿಷ ತಿರುಗಿತು. ಹತ್ತು ನಿಮಿಷ ತಿರುಗಿತು. ಎಣ್ಣೆಯ ಗಾಣವಾದರೂ ಇಷ್ಟು ಹೊತ್ತಿಗೆ ನಾಲ್ಕು ಹನಿ ಬಿಡುತ್ತಿತ್ತು.

ಕಸ ಗುಡಿಸುತ್ತಿದ್ದ ಶಂಕರಪ್ಪ ಬಂದು ನೋಡಿದ. ಬೀದರ ಕಡೆಯವನು, ಈ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವನು, ಆದ್ದರಿಂದ ಎಲ್ಲದರಲ್ಲೂ ಬಲ್ಲವನು. “ಇದು ಸತ್ತದ ಸಾಹೇಬ್ರ. ಬಂದ್ ಮಾಡಿ ಬ್ಯಾರೇದಕ್ಕ ಕೂಡ್ರಿ, ಜಲ್ದಿ ಆಗ್ತದ,” ಎಂದ.

ಗುರುಸಿದ್ದಪ್ಪ ಎದುರಿಗಿದ್ದ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಬೇರೆ ಯಾರೂ ಮೋಸ ಹೋಗದಿರಲೆಂದು ಶಂಕರಪ್ಪ ಒಂದು ಕಾಗದದ ಮೇಲೆ ‘ಬಂದ್’ ಎಂದು ಬರೆದು ಪರದೆಗೆ ಅಂಟಿಸಿದ. ಇಬ್ಬರೂ ಚಹಾ ಕುಡಿದು ಬಂದರು. ಅಷ್ಟರಲ್ಲಿ ಜನ ಸೇರಿದ್ದರು. ನೀರಿನ ಫಿಲ್ಟರಿನ ಪಕ್ಕದ ಕಂಪ್ಯೂಟರಿಗೆ ಕೂತು ಗುರುಸಿದ್ದಪ್ಪ ಮತ್ತೆ ಏಕಸೂತ್ರ ಒತ್ತಿದಾಗ ಅದು ತಡಮಾಡದೆ ಉತ್ತರ ಕೊಟ್ಟಿತು: ಒಳಗೆ ಐವರಿದ್ದಾರೆ, ದಯವಿಟ್ಟು ಕಾಯಿರಿ.

ಅವನು ಹನ್ನೊಂದರವರೆಗೆ ಕಾದ. ಆಮೇಲೆ ಜಯಂತನ ಹತ್ತಿರ ಹೋದ.

ಜಯಂತ ನಾಗಪುರದಲ್ಲೇ ಹುಟ್ಟಿದ ಕನ್ನಡಿಗ. ಕನ್ನಡ ಓದಲು ಬರುತ್ತಿರಲಿಲ್ಲ, ಬೈಯಲು ಬರುತ್ತಿತ್ತು. ಒಮ್ಮೆ ಪ್ರಿಂಟರಿನೊಳಗೆ ಸಿಕ್ಕಿದ್ದ ಕಾಗದ ಎಳೆದು ತೆಗೆದನೆಂದು ಇಡೀ ಸಿಸ್ಟಮ್ಮಿನ ಉಸ್ತುವಾರಿ ಅವನ ಕೊರಳಿಗೆ ಬಿದ್ದಿತ್ತು. ಅವನು ಪಟ್ಟಿ ತೆಗೆದು ನೋಡಿದ. ಪಟ್ಟಿಯಲ್ಲಿ ಮನುಷ್ಯರ ಹೆಸರು ಇರಲಿಲ್ಲ, ಕಂಪ್ಯೂಟರಿನ ನಂಬರುಗಳಷ್ಟೇ ಇದ್ದವು. ಎರಡು, ನಾಲ್ಕು, ಏಳು, ಹನ್ನೆರಡು, ಒಂಬತ್ತು. ಎರಡು ಜಯಂತನದೇ.

ಹತ್ತು ನಿಮಿಷ ಹೊರಗೆ ಬಾರಪ್ಪ ಎಂದು ಗುರುಸಿದ್ದಪ್ಪ ಕೇಳಿಕೊಂಡ.

“ಅಣ್ಣಾ, ನಾನೇ ಹೊರಗ ಬಂದ್ರ ಸಿಸ್ಟಮ್ ಯಾರ್ ನೋಡೋರು? ನಾಲ್ಕನೇ ನಂಬರಿನವರನ್ನ ಕೇಳ್ರಿ.”

ನಾಲ್ಕರಲ್ಲಿ ಪಗಾರ ವಿಭಾಗದ ಸೌಜನ್ಯಾ ಇದ್ದಳು. ನಲವತ್ತು ಜನರ ಪಗಾರ ಅರ್ಧಕ್ಕೆ ನಿಂತಿದೆ, ಹೊರಗೆ ಬಂದರೆ ಮೊದಲಿನಿಂದ ಶುರು ಮಾಡಬೇಕು, ಬೇಕಾದರೆ ಆ ನಲವತ್ತು ಜನರಿಂದ ಬರೆಸಿಕೊಂಡು ಬನ್ನಿ ಎಂದಳು. ಏಳರಲ್ಲಿ ಸುನೀಲ್ ಇದ್ದ. ಹಾವೇರಿಯ ಹುಡುಗ, ಬಂದು ಎರಡೇ ವರ್ಷ, ಬಾಯಿ ತುಂಬ ಸರ್ ಸರ್ ಎನ್ನುವವನು. ಅವನಿಗೂ ಕರ್ನಾಟಕಕ್ಕೆ ಹೋಗಬೇಕಿತ್ತು, ಜೋಡಿ ಸಿಕ್ಕಿರಲಿಲ್ಲ. ಜೋಡಿಯಿಲ್ಲದವರು ಯಾರಾದರೂ ನಾಗಪುರ ಬೇಡಿ ಹೆಸರು ಹಾಕುತ್ತಾರೇನೋ ಎಂದು ಬೆಳಿಗ್ಗೆಯಿಂದ ಪಟ್ಟಿಯನ್ನು ನೋಡುತ್ತ, ಮೀನಿಗೆ ಕೂತ ಕೊಕ್ಕರೆಯಂತೆ ಅಲುಗದೆ ಕೂತಿದ್ದ. ಈಗ ಎದ್ದರೆ ಅದೇ ಕ್ಷಣಕ್ಕೆ ಹೆಸರು ಬಂದು ಬೇರೆಯವರ ಪಾಲಾದರೆ ಏನು ಗತಿ ಎಂದು ಕೈಮುಗಿದ. ಹನ್ನೆರಡು ಸಾಹೇಬ ನರಹರಿಯವರದು.

“ನೋಡಿ ಗುರುಸಿದ್ದಪ್ಪ,” ಎಂದರು ಮೈಸೂರಿನ ನರಹರಿ, ಕನ್ನಡಕದ ಮೇಲಿಂದ ನೋಡುತ್ತ. “ಯಾವ ಆಫೀಸರು ಎಷ್ಟು ಗಂಟೆ ಏಕಸೂತ್ರದಲ್ಲಿದ್ದ ಅಂತ ದೆಹಲಿಯೋರು ತಿಂಗಳಿಗೊಂದ್ಸಲ ನೋಡ್ತಾರೆ. ಹೋದ ತಿಂಗಳು ನಾನು ಪಶ್ಚಿಮ ವಲಯಕ್ಕೇ ಎರಡನೆಯವನು. ಈಗ ಈಚೆ ಬಂದ್ರೆ ಚೆನ್ನಾಗಿರಲ್ಲ. ಆ ಒಂಬತ್ತು ಯಾರು? ಮೊದ್ಲು ಅವ್ರನ್ನ ಎಬ್ಬಿಸಿ.”

ಈ ಮಾತು ಎಲ್ಲರಿಗೂ ಹಿಡಿಸಿತು. ನಾವಾದರೂ ಕೆಲಸ ಮಾಡುತ್ತಿದ್ದೇವೆ, ಕಣ್ಣಿಗೂ ಕಾಣದೆ ಸೀಟು ಹಿಡಿದಿರುವ ಆ ಒಂಬತ್ತನ್ನು ಬಿಟ್ಟು ನಮ್ಮನ್ನೇಕೆ ಕೇಳುತ್ತೀರಿ ಎಂದು ನಾಲ್ವರೂ ಒಂದೇ ದನಿಯಲ್ಲಿ ಹೇಳತೊಡಗಿದರು. ಒಂದು ಗಂಟೆಯ ಹಿಂದೆ ಯಾರಿಗೂ ಬೇಡವಾಗಿದ್ದ ಒಂಬತ್ತು, ಈಗ ಕಚೇರಿಯ ಸಕಲ ಅನ್ಯಾಯಕ್ಕೂ ಮೂಲವಾಯಿತು.

ಒಂಬತ್ತರ ಸ್ಟಿಕರು ಚಾರುಲತಾಳ ಮೇಜಿನ ಕಂಪ್ಯೂಟರಿನ ಮೇಲಿತ್ತು. ಚಾರುಲತಾ ರಜೆಯಲ್ಲಿದ್ದಳು. ಧಾರವಾಡದವಳು, ನಾಗಪುರಕ್ಕೆ ಸೊಸೆಯಾಗಿ ಬಂದವಳು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ರಾಮದಾಸಪೇಠಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಹಿಂದಿನ ಸಂಜೆ ಪರದೆಗೆ ಬೀಗ ಹಾಕಿ ಹಾಗೇ ಬಿಟ್ಟು ಹೋಗಿದ್ದಳು. ಅವಳ ಪಾಸ್‌ವರ್ಡ್ ಇಲ್ಲದೆ ಅದು ತೆರೆಯುವಂತಿರಲಿಲ್ಲ.

ಸ್ವಿಚ್ ಆರಿಸಿಬಿಡೋಣವೇ ಎಂದ ಗುರುಸಿದ್ದಪ್ಪ. ಮೂರು ದಿನದ ಸ್ಟಾಕ್ ಪಟ್ಟಿ ಅದರಲ್ಲಿದೆ, ಸೇವ್ ಆಗಿಲ್ಲದೆ ಅಳಿಸಿಹೋದರೆ ಹೊಣೆ ನಿಮ್ಮದೆಂದು ಬರೆದುಕೊಡಿ ಎಂದ ಜಯಂತ. ಸರ್ವರನ್ನೇ ಆರಿಸಿ ಹಚ್ಚಿದರೆ? ಸರ್ವರ್ ಕೋಣೆಯ ಕೀಲಿ ಜಯಂತನ ಹತ್ತಿರವೇ ಇತ್ತು, ಆದರೆ ಸರ್ವರ್ ಮುಟ್ಟುವ ಅಧಿಕಾರ ದೆಹಲಿಗೆ ಮಾತ್ರವಿತ್ತು. ಚಾರುಲತಾಳಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಎಲ್ಲರ ಎದುರು ಪಾಸ್‌ವರ್ಡ್ ಹೇಳುವುದು ಆಗದ ಮಾತು, ಬರುವುದಾದರೆ ಒಬ್ಬರೇ ಬನ್ನಿ ಎಂದಳು.

ಮಧ್ಯಾಹ್ನ ಒಂದಕ್ಕೆ ಅರ್ಧ ದಿನದ ರಜೆ ಬರೆದಿಟ್ಟು ಗುರುಸಿದ್ದಪ್ಪ ಸ್ಕೂಟರ್ ಹತ್ತಿದ. ತಲೆಗೆ ಒದ್ದೆ ಪಂಚೆ ಸುತ್ತಿಕೊಂಡಿದ್ದ. ಎರಡನೇ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಅದು ಹಪ್ಪಳವಾಯಿತು. ಬುತ್ತಿಯ ಡಬ್ಬಿಯನ್ನೂ ಒಯ್ದಿದ್ದ, ದಾರಿಯಲ್ಲಿ ಎಲ್ಲಾದರೂ ಉಣ್ಣಬಹುದೆಂದು.

ಚಾರುಲತಾ ಅವನನ್ನು ಆಸ್ಪತ್ರೆಯ ಮೆಟ್ಟಿಲ ಕೆಳಗೆ ಕರೆದೊಯ್ದು, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಅತ್ತೆಯ ಕಣ್ಣಾಣೆ ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಳು.

“ನರಹರಿಯಾವಾಗಹೋಗ್ತಾನ,” ಎಂದಳು ಪಿಸುಮಾತಿನಲ್ಲಿ. “ಎಲ್ಲಾ ಕೂಡಿಸಿ ಬರೀಬೇಕು. ಹತ್ತು ಅಕ್ಷರಕ್ಕಿಂತ ಕಡಿಮಿ ಇರಬಾರದು ಅಂತ ದೆಹಲಿಯವರದು ಹುಕುಂ. ಅಷ್ಟು ಉದ್ದಂದು ನನಗ ನೆನಪಿರೋದು ಇದೊಂದ ಮಾತು ನೋಡ್ರಿ.”

ವಾಪಸು ಬಂದಾಗ ಮೂರೂ ಕಾಲು. ಒಂಬತ್ತನೇ ನಂಬರಿನ ಸುತ್ತ ಇಡೀ ಕಚೇರಿ ನೆರೆದಿತ್ತು. ನರಹರಿಯವರೂ ತಮ್ಮ ಕೋಣೆಯಿಂದ ಬಂದು ಕುರ್ಚಿಯ ಹಿಂದೆಯೇ ನಿಂತಿದ್ದರು, ಏಕಸೂತ್ರವನ್ನು ಮಾತ್ರ ತೆರೆದಿಟ್ಟು.

“ಹೇಳಿ, ಏನು ಪಾಸ್‌ವರ್ಡು? ಜಯಂತ ಟೈಪ್ ಮಾಡ್ತಾನೆ.”

ಆಣೆ ಹಾಕಿದ್ದೇನೆ, ನಾನೇ ಹೊಡೆಯುತ್ತೇನೆ ಎಂದ ಗುರುಸಿದ್ದಪ್ಪ. ಕೀಬೋರ್ಡಿನ ಮೇಲೆ ಮರಿಗಳ ಮೇಲೆ ಕೂತ ಕೋಳಿಯಂತೆ ಮೈ ಹರಡಿ ಒಂದೇ ಬೆರಳಿನಲ್ಲಿ ಶುರು ಮಾಡಿದ. ಅವನಿಗೊಂದು ಕೆಟ್ಟ ಚಾಳಿ ಇತ್ತು, ಹೊಡೆಯುವ ಅಕ್ಷರಗಳನ್ನು ಬಾಯಲ್ಲೂ ಅನ್ನುತ್ತಿದ್ದ. ಮೊದಲೆರಡು ಬಾಯೊಳಗೇ ಉಳಿದವು. “ಹ... ರಿ...” ಎಂದಾಗ ಎಚ್ಚರವಾಗಿ ಜೋರಾಗಿ ಕೆಮ್ಮಿದ.

“ದೇವರ ಹೆಸರು ಇಟ್ಕೊಂಡಿದ್ದಾಳೆ. ಒಳ್ಳೇ ಹೆಣ್ಣುಮಗಳು,” ಎಂದರು ನರಹರಿ.

ಪರದೆ ತೆರೆಯಿತು. ಅದರಲ್ಲಿ ಸ್ಟಾಕ್ ಪಟ್ಟಿ ಇತ್ತು, ಅರ್ಧ ಆಡಿ ಬಿಟ್ಟ ಇಸ್ಪೀಟು ಇತ್ತು. ಏಕಸೂತ್ರ ಇರಲಿಲ್ಲ. ಜಯಂತ ತನ್ನ ಪಟ್ಟಿಯನ್ನು ಮತ್ತೆ ನೋಡಿದ. ಒಂಬತ್ತು ಒಳಗೇ ಇದೆ ಎಂದು ಪಟ್ಟಿ ಹಟ ಹಿಡಿದಿತ್ತು.

ಹೊಟ್ಟೆ ಹಸಿದು, ನೆತ್ತಿ ಕಾದು, ಗುರುಸಿದ್ದಪ್ಪನಿಗೆ ಬುತ್ತಿಯ ನೆನಪಾಯಿತು. ಡಬ್ಬಿ ಆಸ್ಪತ್ರೆಯ ಮೆಟ್ಟಿಲ ಕೆಳಗೇ ಉಳಿದಿತ್ತು. ದೆಹಲಿಯ ಸಹಾಯವಾಣಿಗೆ ಫೋನ್ ಹಚ್ಚಿದ. ಇಪ್ಪತ್ತು ನಿಮಿಷ ಸಿತಾರ್ ಕೇಳಿಸಿದ ಮೇಲೆ, ದೂರುಗಳನ್ನು ಅಧಿಕಾರಿಯ ಮೂಲಕ ಲಿಖಿತವಾಗಿಯೇ ಕಳಿಸಬೇಕು ಎಂದು ಒಬ್ಬಳು ಹೇಳಿ ಇಟ್ಟಳು.

“ಬರೀರಿ. ನಾನು ಸಹಿ ಹಾಕಿ ಈಗ್ಲೇ ಕಳಿಸ್ತೀನಿ,” ಎಂದರು ನರಹರಿ. ಜೀವಮಾನದಲ್ಲಿ ಅವರು ‘ಈಗಲೇ’ ಎಂದದ್ದು ಇದೇ ಮೊದಲು.

ಗುರುಸಿದ್ದಪ್ಪ ಬರೆಸಿದ, ಸುನೀಲ್ ಬರೆದುಕೊಂಡ. ಒಂಬತ್ತನೇ ನಂಬರಿನ ಒಬ್ಬ ಬೇಜವಾಬ್ದಾರಿ ನೌಕರನು ಯಾವ ಕೆಲಸವನ್ನೂ ಮಾಡದೆ ಇಡೀ ದಿನ ಸಾರ್ವಜನಿಕ ಸೌಲಭ್ಯವನ್ನು ತಡೆಹಿಡಿದು ಕೂತಿದ್ದಾನೆ. ಸುನೀಲ್ ‘ದುರುದ್ದೇಶದಿಂದ’ ಎಂದು ಸೇರಿಸಿದ. ಸೌಜನ್ಯಾ ‘ಸಹೋದ್ಯೋಗಿಗಳ ಬಗ್ಗೆ ಕಿಂಚಿತ್ತೂ ಕನಿಕರವಿಲ್ಲದೆ’ ಎಂದು ಸೇರಿಸಿದಳು. ಇವನಿಂದ ತೊಂದರೆಯಾದ ನಮಗೆಲ್ಲ ಅರ್ಜಿ ಹಾಕಲು ಒಂದು ದಿನ ಹೆಚ್ಚು ಕೊಡಬೇಕು ಎಂದು ಬರೆಯಿರಿ ಎಂದ ಜಯಂತ. ಅದನ್ನೂ ಬರೆದರು.

“ಇಷ್ಟ ಸಾಕೇನ್ರಿ ಸರ್?” ಎಂದ ಸುನೀಲ್.

“ಸಾಲೂದಿಲ್ಲ,” ಎಂದ ಗುರುಸಿದ್ದಪ್ಪ. ಮುಖ ಕೆಂಡವಾಗಿತ್ತು. “ಇನ್ನೊಂದು ಬರಿ. ಆ ಮಹಾಶಯ ಯಾರೇ ಇರ್ಲಿ, ಈ ಸಲ ಅವನ ವರ್ಗಾವಣಿ ಅರ್ಜಿ ತಗೋಬಾರದು. ಮೂರು ವರ್ಷ ಕೊಳೀಲಿ ಮಗ. ಬುದ್ಧಿ ಬರ್ತದ.”

‘ಮಗ’ ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಸುನೀಲ್ ಆಫೀಸಿನ ಇಂಗ್ಲಿಷಿಗೆ ಇಳಿಸಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ದೂರು ದೆಹಲಿಗೆ ಹೋಯಿತು.

ಗುರುಸಿದ್ದಪ್ಪ ಫಿಲ್ಟರಿನ ಪಕ್ಕ ಕೂತು ನಿಮಿಷಕ್ಕೊಮ್ಮೆ ಏಕಸೂತ್ರ ಒತ್ತುತ್ತಿದ್ದ. ಒಳಗೆ ಐವರಿದ್ದಾರೆ, ಕಾಯಿರಿ. ಹುಬ್ಬಳ್ಳಿಯಿಂದ ಅಭಿನವ್ ಎರಡು ಸಲ ಫೋನ್ ಮಾಡಿದ. ತನ್ನ ಕಡೆಯದೆಲ್ಲ ಬೆಳಿಗ್ಗೆಯೇ ಆಗಿದೆ, ನಿಮ್ಮ ಹೆಸರು ಬಂದರೆ ಮುಗಿಯಿತು ಎಂದ. ಈಗ ಹಾಕುತ್ತೇನೆ, ಈಗ ಹಾಕುತ್ತೇನೆ ಎಂದು ಗುರುಸಿದ್ದಪ್ಪ ಸಾಲಗಾರನಂತೆ ಹೇಳಿದ.

ನಾಲ್ಕೂ ಮೂವತ್ತೈದಕ್ಕೆ ದೆಹಲಿಯಿಂದ ಉತ್ತರ ಬಂತು. ಅಷ್ಟು ಬೇಗ ಅಲ್ಲಿಂದ ಉತ್ತರ ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಎರಡು ಪುಟದ ಪತ್ರ. ಮೊದಲ ಪುಟ ಬರುತ್ತಲೇ ಪ್ರಿಂಟರಿನಲ್ಲಿ ಕಾಗದ ಮುಗಿಯಿತು. ಜಯಂತ ಕಾಗದ ತರಲು ಉಗ್ರಾಣಕ್ಕೆ ಹೋದ. ನರಹರಿ ಬಂದಷ್ಟನ್ನು ಗಟ್ಟಿಯಾಗಿ ಓದಿದರು. ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ನಾಗಪುರ ಕಚೇರಿಯವರಿಗೆ ಅರ್ಜಿಯ ಅವಧಿಯನ್ನು ನಾಳೆ ಸಂಜೆ ಐದರವರೆಗೆ ವಿಸ್ತರಿಸಲಾಗಿದೆ.

ಗುರುಸಿದ್ದಪ್ಪನ ಕಣ್ಣಲ್ಲಿ ನೀರು ಬಂತು. ಮರುದಿನ ಎಂಟಕ್ಕೇ ಬಂದು ಬಾಗಿಲಲ್ಲಿ ಕೂತುಬಿಡುವುದೆಂದು ಅಲ್ಲೇ ನಿಶ್ಚಯಿಸಿದ. ಶಂಕರಪ್ಪನನ್ನು ಓಡಿಸಿ ಸಂತ್ರಾ ಬರ್ಫಿ ತರಿಸಿದ. ಸತ್ಯಭಾಮಾಳಿಗೆ ಫೋನ್ ಮಾಡಿ ಎಲ್ಲ ಬರೋಬರ್ ಆಯಿತು ಎಂದ.

“ಹೌದಾ? ಚಲೋ ಆತು. ಕೂಲರ್ ಈಗ ಒಯ್ದರು ನೋಡ್ರಿ,” ಎಂದಳು ಅವಳು.

ಎಲ್ಲರ ಬಾಯಲ್ಲೂ ಬರ್ಫಿ ಇತ್ತು. ಒಂಬತ್ತನೇ ನಂಬರಿನವನಿಗೆ ಧಿಕ್ಕಾರ ಹಾಕುತ್ತ ಗುರುಸಿದ್ದಪ್ಪ ಎರಡನೆಯದನ್ನು ಬಾಯಿಗಿಟ್ಟಾಗ ಜಯಂತ ಕಾಗದ ತಂದ. ಎರಡನೇ ಪುಟ ಹೊರಬಂತು. ನರಹರಿ ಓದಿದರು. ದೂರುದಾರರೇ ಕೋರಿರುವಂತೆ, ಸದರಿ ನೌಕರನ ಅರ್ಜಿಯನ್ನು ಈ ಅವಧಿಯಲ್ಲಿ ಸ್ವೀಕರಿಸಲಾಗುವುದಿಲ್ಲ, ಅವನ ಹೆಸರಿಗೆ ವರ್ಗಾವಣೆಯ ಪುಟವನ್ನೇ ಮುಚ್ಚಲಾಗಿದೆ. ಎಲ್ಲರೂ ತಲೆಯಾಡಿಸಿದರು. ನರಹರಿ ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡಕ ತೆಗೆದರು.

“ಬೆಳಿಗ್ಗೆ ಫಸ್ಟ್ ಬಂದಿದ್ದು ಯಾರ್ರೀ?”

“ನಾನ ಸರ್. ಒಂಬತ್ತಕ್ಕ ಬಂದೀನಿ,” ಎಂದ ಗುರುಸಿದ್ದಪ್ಪ, ತುಸು ಹೆಮ್ಮೆಯಿಂದಲೇ.

ನರಹರಿ ಪತ್ರವನ್ನು ಅವನ ಕೈಗೆ ಕೊಟ್ಟರು. ಒಂಬತ್ತನೇ ನಂಬರಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ ಎಂಟು ನಿಮಿಷದಿಂದ ಒಳಗಿರುವ ನೌಕರನ ಹೆಸರು ಅದರಲ್ಲಿತ್ತು. ಅಪ್ಪನ ಹೆಸರು, ನೌಕರಿಯ ಸಂಖ್ಯೆ ಸಮೇತ ಇತ್ತು.

ಮೊದಲು ಎಚ್ಚೆತ್ತವನು ಶಂಕರಪ್ಪ. ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಹೋಗಿ, ‘ಬಂದ್’ ಕಾಗದ ಕಿತ್ತು, ಬೆಳಿಗ್ಗೆ ಗುರುಸಿದ್ದಪ್ಪ ಒತ್ತಿದ್ದ ಗುಂಡಿಯನ್ನೇ ಒತ್ತಿದ. ಅದು ಪರದೆಯ ಗುಂಡಿ. ಆರಿದ್ದು ಪರದೆಯೊಂದೇ, ಕೆಳಗಿನ ಕಂಪ್ಯೂಟರು ಇಡೀ ದಿನ ಮೈ ಬಿಸಿ ಮಾಡಿಕೊಂಡು ಓಡಿತ್ತು. ಬೆಳಕು ಬಂತು. ಏಕಸೂತ್ರ ಅಚ್ಚುಕಟ್ಟಾಗಿ ತೆರೆದುಕೊಂಡು ಕಾಯುತ್ತಿತ್ತು. ‘ಸ್ವಾಗತ, ಗುರುಸಿದ್ದಪ್ಪ’ ಎಂದು ಮೇಲೆ ಬರೆದಿತ್ತು.

ಆದರೆ ಆ ಕಂಪ್ಯೂಟರಿನ ಸ್ಟಿಕರು ಹದಿಮೂರು. ಜಯಂತ ಶಂಕರಪ್ಪನ ಮುಖ ನೋಡಿದ.

“ಖಂಡೆನವಮಿ ದಿನ ಒರಸೂ ಮುಂದ ಎರಡು ಚೀಟಿ ಕಿತ್ತ ಬಂದಿದ್ವು,” ಎಂದ ಶಂಕರಪ್ಪ. “ಒಂದು ಇದರದು, ಒಂದು ಚಾರುಲತಾಬಾಯಾರದು. ಯಾವುದರದು ಯಾವುದು ಅಂತ ಯಾರಿಗೆ ಗೊತ್ತಿತ್ತು? ಹದಿಮೂರು ಹೆಣ್ಣಮಕ್ಕಳಿಗೆ ಶುಭ ಅಲ್ಲಂತ ಇಲ್ಲಿ ಹಚ್ಚೀನಿ. ಪೂಜಾಕ್ಕೇನು ಕೊರತಿ ಮಾಡಿಲ್ಲ ನಾನು.”

ಗುರುಸಿದ್ದಪ್ಪ ಕಿಟಕಿಯ ಕುರ್ಚಿಯ ಮೇಲೆ ಕೂತ. ವರ್ಗಾವಣೆಯ ಪುಟ ಒತ್ತಿದ. ಈ ನೌಕರನಿಗೆ ಅನುಮತಿ ಇಲ್ಲ ಎಂದಿತು. ಮತ್ತೆ ಒತ್ತಿದ. ಮತ್ತೆ ಅದನ್ನೇ ಹೇಳಿತು. ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ನರಹರಿಯವರನ್ನು ಕೇಳಿದ. ಇಷ್ಟು ಬಲವಾದ ದೂರನ್ನು ಹೇಗೆ ವಾಪಸು ತೆಗೆಯಲಾಗುತ್ತದೆ, ಅದಕ್ಕೂ ಲಿಖಿತ ಅರ್ಜಿ ಬೇಕು, ಅದರ ವಿಚಾರಣೆಗೆ ಎರಡು ತಿಂಗಳು ಹಿಡಿಯುತ್ತದೆ ಎಂದು ಅವರು ತಮ್ಮ ಕೋಣೆಗೆ ಹೋದರು. ಅವರ ಗಂಟೆಗಳು ಓಡುತ್ತಿದ್ದವು.

ಜನ ಒಬ್ಬೊಬ್ಬರಾಗಿ ಕರಗಿದರು. ಸೌಜನ್ಯಾ ಉಳಿದ ಬರ್ಫಿಯ ಡಬ್ಬವನ್ನು ಅವನ ಮುಂದಿಟ್ಟು ಹೋದಳು. ಸುನೀಲ್ ಮಾತ್ರ ನಿಂತೇ ಇದ್ದ, ಒಂದು ಕಾಲ ಮೇಲೆ ಭಾರ ಹಾಕಿ, ಇನ್ನೊಂದು ಕಾಲ ಮೇಲೆ ಭಾರ ಹಾಕಿ.

“ಸರ್, ತಪ್ಪ ತಿಳೀಬ್ಯಾಡ್ರಿ,” ಎಂದ ಕೊನೆಗೆ. “ಹೆಂಗೂ ನಾಳೆ ಐದರ ತನಕ ಟೈಮ್ ಐತಿ. ಆ ಅಭಿನವ್ ಅವರ ನಂಬರ್ ಕೊಡ್ತೀರೇನ್ರಿ?”

ಗುರುಸಿದ್ದಪ್ಪ ಬರ್ಫಿಯ ಡಬ್ಬದ ಮುಚ್ಚಳ ಹಾಕಿದ. ಆಮೇಲೆ ಫೋನ್ ತೆಗೆದು ನಂಬರ್ ಹೇಳಿದ. ಸುನೀಲ್ ಎರಡು ಸಲ ಓದಿ ಖಾತ್ರಿ ಮಾಡಿಕೊಂಡ.

ರಾತ್ರಿ ಮನೀಶ್ ನಗರದ ಮನೆಯಲ್ಲಿ, ಕೂಲರ್ ಇದ್ದ ಕಿಟಕಿಯ ತೂತಿನಿಂದ ಬಿಸಿಗಾಳಿ ಬರುತ್ತಿತ್ತು. ಸತ್ಯಭಾಮಾ ಎಲ್ಲ ಕೇಳಿ, ಕಟ್ಟಿದ್ದ ಪೆಟ್ಟಿಗೆ ಬಿಚ್ಚಿ ಅವನ ಅಂಗಿಗಳನ್ನಷ್ಟೇ ಹೊರಗೆ ತೆಗೆದಳು. ತನ್ನ ಸೀರೆಗಳನ್ನು ಹಾಗೇ ಬಿಟ್ಟು ಮತ್ತೆ ಪೆಟ್ಟಿಗೆ ಕಟ್ಟಿದಳು.

ಆ ದಿನ ಗುರುಸಿದ್ದಪ್ಪ ಕಳೆದುಕೊಂಡದ್ದು ಇಷ್ಟು: ಅರ್ಧ ದಿನದ ರಜೆ, ಒಂದು ಬುತ್ತಿಯ ಡಬ್ಬಿ, ಒಂದು ಕೂಲರ್, ಒಂದು ಹುಬ್ಬಳ್ಳಿ.